ಹನ್ನೆರಡನೆಯ ಕಲಂ

ಷಣ್ಮುಖಪ್ಪನವರ ಎಡ ಅಂಗೈ ಈಚೆಗೆ ಅವರ ಮಾತು ಕೇಳುತ್ತಿರಲಿಲ್ಲ. ಎಂಟನೆಯ ವಯಸ್ಸಿನಲ್ಲಿ ದೀಕ್ಷೆಯಾದಂದಿನಿಂದ ಅರವತ್ತೆರಡು ವರ್ಷ, ಒಂದು ದಿನ ತಪ್ಪದೆ, ಇಷ್ಟಲಿಂಗವನ್ನು ಹೊತ್ತ ಕೈ ಅದು. ಟೈಫಾಯ್ಡ್ ಬಂದಾಗ ನಡುಗಿರಲಿಲ್ಲ. ತುರ್ತುಪರಿಸ್ಥಿತಿಯಲ್ಲಿ ಪೊಲೀಸರು ಠಾಣೆಯ ಬೆಂಚಿನ ಮೇಲೆ ಕೂರಿಸಿಕೊಂಡ ಬೆಳಿಗ್ಗೆಯೂ ನಡುಗಿರಲಿಲ್ಲ. ಮಗನನ್ನು ಮಣ್ಣು ಮಾಡಿ ಬಂದ ಮಾರನೆಯ ದಿನದಿಂದ ಮಾತ್ರ, ಲಿಂಗವನ್ನು ಅಂಗೈಗೆ ಇಟ್ಟುಕೊಂಡ ಕೂಡಲೇ, ತುಂಬಿದ ಲೋಟ ಹಿಡಿದ ಮಗುವಿನ ಕೈಯಂತೆ ನಡುಗಲು ಶುರುವಾಗುತ್ತಿತ್ತು. ಇವತ್ತು ಇಪ್ಪತ್ತೆರಡನೆಯ ದಿನ. ಓಟಿನ ದಿನ. ಬಲಗೈಯಿಂದ ಎಡಗೈಯ ಮಣಿಕಟ್ಟನ್ನು ಹಿಡಿದುಕೊಂಡು ದೃಷ್ಟಿಯನ್ನು ಲಿಂಗದ ಮೇಲೆ ನಿಲ್ಲಿಸಲು ನೋಡಿದರು. ನಿಲ್ಲಲಿಲ್ಲ. ಮಲ್ಲೇಶನ ಮಾತು ಬಂದು ಅಡ್ಡ ನಿಂತಿತು. ಎರಡು ವರ್ಷದ ಹಿಂದೆ ಇದೇ ಪೂಜೆಯ ಮಣೆಯ ಎದುರಿಗೆ, ಬಾಗಿಲಿಗೆ ಒರಗಿ ನಿಂತು, ತಾನೂ ನಿರಂಜನನೂ ಶಿವಮೊಗ್ಗದಲ್ಲಿ ಒಂದೇ ಮನೆಯಲ್ಲಿರುವುದು ಬಾಡಿಗೆ ಉಳಿಸುವುದಕ್ಕಲ್ಲ, ಮದುವೆಯ ಮಾತು ಇನ್ನು ಎತ್ತಬೇಡಿ ಎಂದು ಅವನು ಹೇಳಿದ ಬೆಳಿಗ್ಗೆ. ಇವರು ಕೇಳಿಸದವರಂತೆ ವಿಭೂತಿ ಧರಿಸುತ್ತಲೇ ಇದ್ದರು. "ಅಪ್ಪ, ಭಕ್ತ ಹೆಂಡತಿ, ಲಿಂಗವೇ ಗಂಡ ಅಂತ ಹೇಳ್ಕೊಟ್ಟೋರು ನೀವೇ ಅಲ್ವಾ? ದಿನಾ ಬೆಳಿಗ್ಗೆ ಅವನನ್ನ ಅಂಗೈಮೇಲೆ ಕೂರಿಸ್ಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕೂರ್ತೀರಿ. ನಿಮಗೇ ಅರ್ಥ ಆಗ್ಲಿಲ್ಲ ಅಂದ್ರೆ ಈ ಊರಲ್ಲಿ ಇನ್ಯಾರಿಗೆ ಆಗ್ಬೇಕು?" ಕೆನ್ನೆಗೆ ಹೊಡೆದಂತಾಗಿತ್ತು. ಶಿವನ ಮಾತನ್ನು ಎಲ್ಲಿಗೆ ತಂದು ಹಚ್ಚುತ್ತಾನೆ ಈ ಹುಡುಗ ಎಂದು ಮೈಯೆಲ್ಲ ಉರಿದಿತ್ತು. ಜಾತಿ ಮೀರಿದ ಹದಿನಾಲ್ಕು ಮದುವೆಗಳಿಗೆ ನಿಂತು ಸಾಕ್ಷಿ ಹಾಕಿದವರು. ಹಳೇನಗರದ ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟಿದ್ದಕ್ಕೆ ಮೂರು ದಿನ ಉಪವಾಸ ಕೂತವರು. ಸುಧಾರಣೆಯೆಂಬುದು ಅಲ್ಲಿಯವರೆಗೆ ಬೇರೆಯವರ ಮನೆಯ ಬಾಗಿಲಿಗೆ ತಾವು ಕೊಂಡೊಯ್ಯುವ ವಸ್ತುವಾಗಿತ್ತು. ಅದು ತಮ್ಮ ಮನೆಯ ಬಾಗಿಲಿಗೆ ಒರಗಿ ನಿಂತು ಮಾತಾಡಬಹುದು ಎಂದು ಹೊಳೆದಿರಲಿಲ್ಲ.

ಲಿಂಗವನ್ನು ಕರಡಿಗೆಗೆ ಸೇರಿಸಿ ಕೊರಳಿಗೆ ಹಾಕಿಕೊಂಡು ಎದ್ದರು. ಸುಭದ್ರಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಮಗ ಹೋದ ಮೇಲೆ ಗಂಡನ ಜೊತೆ ಅವರು ಅಗತ್ಯಕ್ಕೆ ತಕ್ಕಷ್ಟೇ ಮಾತು ಆಡುತ್ತಿದ್ದರು.

"ನೀನೂ ಹತ್ತು ಗಂಟೆಗೆ ಬಂದುಬಿಡು. ಆಮೇಲೆ ಬಿಸಿಲು."

"ನಾನು ಬರಲ್ಲ."

"ಓಟು ಹಾಕದೆ ಇರೋದು ತಪ್ಪು, ಸುಭದ್ರ."

"ತಪ್ಪು ತಿದ್ದೋದು ಮೇಷ್ಟ್ರ ಕೆಲಸ. ನೀವೇ ತಿದ್ಕೊಳ್ಳಿ," ಎಂದು ಅವರು ಸೊಪ್ಪಿನಿಂದ ಕಣ್ಣೆತ್ತದೆ ಹೇಳಿದರು.

ಓಣಿಯ ತಿರುವಿನ ಗೋಡೆಯ ಮೇಲೆ ಏಣಿ ಇತ್ತು. ಸುಮನಾ ಅವರ ಚುನಾವಣಾ ಗುರುತು. ಲಾಯರು ಸುಮನಾ ಅವರನ್ನು ವಿಧಾನಸಭೆಗೆ ನಿಲ್ಲಿಸಬೇಕೆಂದು ಪ್ರಗತಿಪರರೆಲ್ಲ ಸೇರಿ ತೀರ್ಮಾನಿಸಿದಾಗ, ಊರಿನ ಗೋಡೆಗಳಿಗೆಲ್ಲ ಏಣಿ ಬರೆದವನು ಮಲ್ಲೇಶ. ಶಿವಮೊಗ್ಗದ ತನ್ನ ಸಣ್ಣ ಪ್ರೆಸ್ಸನ್ನು ಬೆಳಗಿನ ಹೊತ್ತು ಮುಚ್ಚಿಟ್ಟು, ಸ್ಕೂಟರಿನಲ್ಲಿ ನಿರಂಜನನನ್ನು ಕೂರಿಸಿಕೊಂಡು ಬಂದು, ನಿರಂಜನ ಬಣ್ಣದ ಡಬ್ಬಿ ಹಿಡಿದರೆ ಇವನು ಬರೆಯುತ್ತಿದ್ದ. ಪ್ರತಿ ಏಣಿಗೂ ಏಳೇ ಮೆಟ್ಟಿಲು. ಬಿಸಿಲಿಗೆ ನೀಲಿ ಬಣ್ಣ ಆಗಲೇ ಪುಡಿಪುಡಿಯಾಗುತ್ತಿತ್ತು. ಅದರ ಪಕ್ಕದಲ್ಲಿ ಹೊಸದಾಗಿ ಅಂಟಿಸಿದ ಪೋಸ್ಟರಿನಲ್ಲಿ ಮಲ್ಲೇಶನ ಮುಖ. 'ಪ್ರಚಾರದ ಹಾದಿಯಲ್ಲೇ ಪ್ರಾಣ ಬಿಟ್ಟ ನಮ್ಮ ಕಾರ್ಯಕರ್ತ.' ಕಾಲೇಜಿನ ಗುಂಪು ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿದ್ದರಿಂದ ಮೂಗು ಬಾಯಿ ಕಲಸಿಹೋಗಿ ಯಾರ ಮುಖವಾದರೂ ಆಗಬಹುದಿತ್ತು. ಪೋಸ್ಟರಿಗೆ ಒಪ್ಪಿಗೆ ಕೇಳಲು ಬಂದಾಗ ಷಣ್ಮುಖಪ್ಪನವರು ತಲೆಯಾಡಿಸಿದ್ದರು. ಈಗ ಆ ಗೋಡೆಯ ಬದಿಗೆ ನಡೆಯದೆ ರಸ್ತೆ ದಾಟಿ ಹೋದರು.

ಶಾಲೆಯಿಂದ ಇನ್ನೂರು ಮೀಟರ್ ದೂರದ ಸುಣ್ಣದ ಗೆರೆಯ ಈಚೆಗೆ, ಹೊಂಗೆಯ ಮರದ ಕೆಳಗೆ, ಮೇಜು ಹಾಕಿಕೊಂಡು ಪುಟ್ಟಪ್ಪ ಆಗಲೇ ಚೀಟಿ ಬರೆಯತೊಡಗಿದ್ದ. ಕಬ್ಬಿಣದ ಕಾರ್ಖಾನೆಯಿಂದ ಸ್ವಯಂನಿವೃತ್ತಿ ತೆಗೆದುಕೊಂಡ ಮೇಲೆ ಅವನ ಹೊತ್ತೆಲ್ಲ ಚುನಾವಣೆಗೇ. ಷಣ್ಮುಖಪ್ಪನವರ ಹಳೆಯ ವಿದ್ಯಾರ್ಥಿ. ಎಂಟನೆಯ ತರಗತಿಯಲ್ಲಿ 'ಹಸು' ಎಂಬ ಪ್ರಬಂಧವನ್ನು 'ಹಸು ನಮ್ಮ ತಾಯಿ, ಆದರೆ ಒದೆಯುತ್ತದೆ' ಎಂದು ಆರಂಭಿಸಿದ್ದ. ಮೂವತ್ತೈದು ವರ್ಷದ ಮೇಲೂ ಅದು ಷಣ್ಮುಖಪ್ಪನವರಿಗೆ ಅಕ್ಷರಕ್ಕೆ ಅಕ್ಷರ ನೆನಪಿತ್ತು. ಅದೊಂದೇ ಅಲ್ಲ, ಯಾವ ಹುಡುಗ ಯಾವ ವರ್ಷ ಏನು ಬರೆದ, ಎಲ್ಲಿ ಕೆಂಪು ಪೆನ್ನು ಆಡಿಸಿದೆ, ಎಲ್ಲವೂ ನೆನಪು. ಊರಿನವರು ಇದನ್ನು ಒಂದು ವಿದ್ಯೆಯೆಂದೇ ಹೊಗಳುತ್ತಿದ್ದರು. ಅವರಿಗೂ ಒಳಗೊಳಗೆ ಹೆಮ್ಮೆ ಇತ್ತು.

"ಬನ್ನಿ ಸರ್, ನಿಮ್ಮ ಕೈಬರಹ ಇದ್ರೆ ಟೇಬಲ್ಲಿಗೊಂದು ಕಳೆ," ಎಂದ ಪುಟ್ಟಪ್ಪ. ಆಮೇಲೆ, ಸಾವಿನ ಮನೆಯವರ ಎದುರು ನಗಬಾರದೆಂದು ನೆನಪಾಗಿ ಮುಖ ಸಣ್ಣದು ಮಾಡಿಕೊಂಡ.

ಇಡ್ಲಿ ಕರಿಬಸಮ್ಮ ಖಾಲಿ ಪಾತ್ರೆಯ ಬುಟ್ಟಿ ಹೊತ್ತು ಆ ದಾರಿಯಲ್ಲೇ ಬಂದಳು. ಕಾರ್ಖಾನೆಯ ಗೇಟಿನ ಹತ್ತಿರ ಮೂವತ್ತು ವರ್ಷದಿಂದ ಇಡ್ಲಿ ಮಾರುವವಳು. ಬೆಳಗಿನ ಸೈರನ್ನಿಗೆ ಅಂಗಡಿ ತೆಗೆದು, ಇಡ್ಲಿ ಮುಗಿದ ಹೊತ್ತಿಗೆ ಮುಚ್ಚುತ್ತಿದ್ದಳು.

"ಏನೋ ಪುಟ್ಟಪ್ಪ, ಈ ಸಲ ಎಲ್ಲಾ ಮಿಷಿನ್ನಂತೆ? ಕರೆಂಟ್ ಹೊಡೆಯಲ್ಲ ತಾನೆ?"

"ಹೊಡೆಯುತ್ತೆ. ಬೇರೆಯವರಿಗೆ ಒತ್ತಿದ್ರೆ ಮಾತ್ರ."

"ನಿನ್ನ ಮಕಕ್ಕೆ! ಪಾತ್ರೆ ಇಟ್ಟು, ಸೀರೆ ಬದಲಾಯಿಸ್ಕೊಂಡು ಬರ್ತೀನಿ. ಚೀಟಿ ಬರೆದಿಡು." ಷಣ್ಮುಖಪ್ಪನವರ ಕಡೆ ತಿರುಗಿ ಅವಳು ಏನೋ ಹೇಳಲು ಬಾಯಿ ತೆರೆದಳು, ಹೇಳದೆ, ಬುಟ್ಟಿ ಸರಿಮಾಡಿಕೊಂಡು ಹೋದಳು.

ಅವಳ ಬೆನ್ನು ನೋಡುತ್ತ ಷಣ್ಮುಖಪ್ಪನವರಿಗೆ ಆ ಸಭೆ ನೆನಪಾಯಿತು. ನೆನಪಾಯಿತು ಎಂದರೇನು, ಅದು ಹೋದದ್ದಾದರೂ ಯಾವಾಗ? ಸುಮನಾ ಅವರ ಮನೆಯ ಜಗಲಿಯಲ್ಲಿ ಪ್ರಣಾಳಿಕೆಯ ಕರಡು ಓದಲು ಕೂತ ಸಂಜೆ. ತಿದ್ದುವ ಹೊಣೆ ಇವರದು. ಕುಡಿಯುವ ನೀರು, ಗುತ್ತಿಗೆ ಕಾರ್ಮಿಕರ ಕಾಯಂ, ಹೆಣ್ಣುಮಕ್ಕಳ ಹಾಸ್ಟೆಲು, ಹೀಗೆ ಹನ್ನೊಂದು ಕಲಂ ಆದ ಮೇಲೆ ಹನ್ನೆರಡನೆಯದಾಗಿ ಮಲ್ಲೇಶ ತನ್ನ ಗುಂಡುಗುಂಡು ಅಕ್ಷರದಲ್ಲಿ ಒಂದು ವಾಕ್ಯ ಬರೆದಿದ್ದ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಒಲಿದು ಬಾಳುವುದನ್ನು ಅಪರಾಧವೆನ್ನುವ ಕಾನೂನು ಹೋಗಬೇಕು ಎಂಬ ಅರ್ಥದ್ದು. ಒಂದೇ ವಾಕ್ಯ. ಷಣ್ಮುಖಪ್ಪನವರು ಅದನ್ನು ಓದಿದರು. ಸುಮನಾ, "ಮೇಷ್ಟ್ರು ಹೇಗೆ ಹೇಳ್ತಾರೋ ಹಾಗೆ," ಎಂದರು. ಮಗ ಗೋಡೆಗೊರಗಿ ಕೂತು ತನ್ನ ಉಗುರಿನ ನೀಲಿ ಬಣ್ಣ ಕೆರೆಯುತ್ತಿದ್ದ. ಇವರು ತಲೆಯೆತ್ತದೆ ಕೆಂಪು ಪೆನ್ನು ತೆಗೆದು ಆ ವಾಕ್ಯದ ಮೇಲೆ, ಕಾಗುಣಿತ ತಪ್ಪಿದ ಹುಡುಗನ ಸಾಲಿನ ಮೇಲೆ ಎಳೆದಂತೆ, ಒಂದು ಗೀಟು ಎಳೆದರು. ಮತ್ತೆ ಅದು ಓದಲು ಬರುತ್ತಿದೆ ಅನ್ನಿಸಿ ಇನ್ನೊಂದು. "ಈಗ ಬೇಡ. ಗೆಲ್ಲೋಣ ಮೊದಲು. ಇಡ್ಲಿ ಕರಿಬಸಮ್ಮನ ಎದುರು ನಿಂತು ಇದನ್ನ ನಾನು ಏನು ಅಂತ ವಿವರಿಸ್ಲಿ?" ಯಾರೋ ಹಗುರಾಗಿ ನಕ್ಕರು. ಮಲ್ಲೇಶ ನಗಲಿಲ್ಲ. "ಗೆದ್ದ ಮೇಲೆ ಯಾವ ಕರಿಬಸಮ್ಮನ್ನ ಕೇಳ್ತೀರಿ ಅಪ್ಪ?" ಎಂದಷ್ಟೇ ಅಂದ. ವಿರೋಧಿಗಳ ಕೈಗೆ ಸಿಗಬಾರದೆಂದು ಆ ಕರಡನ್ನು ಮನೆಗೆ ತಂದು ಬಚ್ಚಲ ಒಲೆಗೆ ಹಾಕಿದವರೂ ಇವರೇ.

ಮುದ್ರಣವಾಗಿ ಬಂದ ಪ್ರಣಾಳಿಕೆಯಲ್ಲಿ ಹನ್ನೊಂದರ ಕೆಳಗೆ '12' ಎಂದು ಅಂಕಿ ಇತ್ತು. ಅದರ ಮುಂದೆ ಏನೂ ಇರಲಿಲ್ಲ. ಒಂದು ಸಾಲಿನಷ್ಟು ಬಿಳಿ. ಆಮೇಲೆ ಹದಿಮೂರು. "ಹನ್ನೆರಡನೇದು ಮತದಾರರೇ ತುಂಬ್ಕೊಳ್ಳಲಿ ಅಂತನಾ ಸರ್?" ಎಂದು ಪುಟ್ಟಪ್ಪ ನಕ್ಕಿದ್ದ. ಅಚ್ಚಿನ ತಪ್ಪು ಎಂದು ಎಲ್ಲರೂ ತಿಳಿದರು. ಮಗ ಬೇಕೆಂದೇ ಬಿಟ್ಟದ್ದು ಎಂದು ಷಣ್ಮುಖಪ್ಪನವರೊಬ್ಬರಿಗೆ ಗೊತ್ತಾಯಿತು. ಆ ಬಿಳಿಯನ್ನು ನೋಡಿ ಅವರಿಗೆ ಬಂದದ್ದು ಸಿಟ್ಟು. ಶಾಲೆಯ ಕಾಯಿನ್ ಬೂತಿನಿಂದ ಅವನ ಪ್ರೆಸ್ಸಿಗೆ ಫೋನ್ ಮಾಡಿ, ಎಲ್ಲವನ್ನೂ ಮತ್ತೆ ಅಚ್ಚು ಹಾಕಿಸಬೇಕು, ನಾಳೆ ಬೆಳಿಗ್ಗೆಯೇ ತಂದು ಮುಟ್ಟಿಸಬೇಕು ಎಂದರು. ಆಚೆ ಅಚ್ಚಿನ ಯಂತ್ರ ಓಡುತ್ತಿತ್ತು. "ತರ್ತೀನಿ ಬಿಡಿ. ಓಟೂ ಏಣಿಗೇ ಹಾಕ್ತೀನಿ. ನಮ್ಮಂಥೋರಿಗೆ ಬೇರೆ ಗುರುತು ಎಲ್ಲಿದೆ ಅಪ್ಪ?" ಅದೇ ಅವನ ಕೊನೆಯ ಮಾತು. ಮಾರನೆಯ ಬೆಳಿಗ್ಗೆ, ಹೊಸ ಪ್ರತಿಗಳನ್ನು ತರುತ್ತಿದ್ದ ಅವನ ಸ್ಕೂಟರಿಗೆ ಮಲವಗೊಪ್ಪದ ಹತ್ತಿರ ಲಾರಿ ಬಡಿಯಿತು. ಇವರು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಬಸ್ಸಿನ ಕಿಟಕಿಯಿಂದ, ರಸ್ತೆಯ ಎರಡೂ ಬದಿ ಬೇಲಿಗೆ ಸಿಕ್ಕಿಕೊಂಡಿದ್ದ ಬಿಳಿ ಕಾಗದಗಳನ್ನು ನೋಡಿದರು. ತಪ್ಪಿಲ್ಲದ ಕಾಗದಗಳು. ಹನ್ನೊಂದು, ಹನ್ನೆರಡು, ಎಲ್ಲ ಸರಿಯಾಗಿ.

"ಸರ್," ಪುಟ್ಟಪ್ಪ ಕುರ್ಚಿ ಹತ್ತಿರ ಎಳೆದುಕೊಂಡ. ಮತದಾರರ ಪಟ್ಟಿಯ ಹಾಳೆಯ ಮೇಲೆ ಅವನ ಬೆರಳು ಇತ್ತು. ನಾನೂರ ಹನ್ನೆರಡು, ಷಣ್ಮುಖಪ್ಪ. ನಾನೂರ ಹದಿಮೂರು, ಸುಭದ್ರಮ್ಮ. ನಾನೂರ ಹದಿನಾಲ್ಕು, ಮಲ್ಲೇಶ್, ತಂದೆ ಷಣ್ಮುಖಪ್ಪ, ವಯಸ್ಸು ಮೂವತ್ತನಾಲ್ಕು. ಶಿವಮೊಗ್ಗಕ್ಕೆ ಹೋಗಿ ಆರು ವರ್ಷವಾದರೂ ಅವನು ಹೆಸರನ್ನು ಇಲ್ಲಿಂದ ತೆಗೆಸಿರಲಿಲ್ಲ. "ಮಲ್ಲೇಶಣ್ಣನ ಹೆಸರು ಹಾಗೇ ಇದೆ. ಬೇರೆ ಪಾರ್ಟಿಯೋರು ಹೊಡೆಯೋಕೆ ಮುಂಚೆ ನಾವೇ ಹಾಕಿಬಿಟ್ರೆ? ಅವರದ್ದೇ ಓಟು, ಅವರದ್ದೇ ಏಣಿ. ಆತ್ಮಕ್ಕೂ ಒಂದು ಸಮಾಧಾನ ಅಲ್ವಾ ಸರ್?"

ಸತ್ತವರ ಓಟು ಹಾಕುವುದು ಪಾಪ ಎಂದು ನಲವತ್ತು ವರ್ಷ ಈ ಊರಿಗೆ ಪಾಠ ಹೇಳಿದ ನಾಲಗೆ, "ನೋಡೋಣ," ಎಂದಿತು. ಬೇಡ ಎಂದು ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಮರದ ಆಚೆ ಯಾರೋ ನಿಂತಿರುವುದು ಕಾಣಿಸಿತು. ನಿರಂಜನ.

ಇಪ್ಪತ್ತೆರಡು ದಿನದಲ್ಲಿ ಅವನ ಅಂಗಿ ಎರಡು ಅಳತೆ ದೊಡ್ಡದಾಗಿತ್ತು. ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವನು. ತೀರ್ಥಹಳ್ಳಿ ಕಡೆಯ ವೈದಿಕರ ಮನೆಯ ಹುಡುಗ. ತಂದೆ ಗಣಪಯ್ಯ ಇವನ ಹೆಸರಿಗೆ ಎಳ್ಳುನೀರು ಬಿಟ್ಟರೆಂದು ಒಮ್ಮೆ ಮಲ್ಲೇಶ ಹೇಳಿದ್ದ. ಹಬ್ಬಕ್ಕೆ ಸುಭದ್ರಮ್ಮ ಚಟ್ನಿಪುಡಿಯ ಎರಡು ಡಬ್ಬಿ ಕಟ್ಟುವಾಗ, ಎರಡನೆಯದು ಯಾರಿಗೆ ಎಂದು ಷಣ್ಮುಖಪ್ಪನವರು ಕೇಳುತ್ತಿರಲಿಲ್ಲ. ಅವರು ಎದ್ದು ಮರದ ಹಿಂದಕ್ಕೆ ಹೋದರು. ಹೋಗುವಾಗ ಸುತ್ತ ಒಮ್ಮೆ ನೋಡಿದರು. ತಾವು ಹಾಗೆ ನೋಡಿದ್ದನ್ನು ನಿರಂಜನ ನೋಡಿದ ಎಂದೂ ತಿಳಿಯಿತು.

"ಮನೆಗೆ ಹೋಗಿದ್ದೆ ಸರ್. ಅಮ್ಮ, ನೀವು ಇಲ್ಲಿದೀರಿ ಅಂದ್ರು." ಜೇಬಿನಿಂದ ಒಂದು ಬಿಳಿ ಬಟ್ಟೆಯ ಗಂಟು ತೆಗೆದ. ಬಿಚ್ಚಿ ಎರಡೂ ಕೈಯಲ್ಲಿ ಮುಂದೆ ಹಿಡಿದ. ಶಿವದಾರ ಸುತ್ತಿದ ಬೆಳ್ಳಿಯ ಕರಡಿಗೆ. ಅದರ ಮುಚ್ಚಳದ ಸಣ್ಣ ತಗ್ಗು ಷಣ್ಮುಖಪ್ಪನವರಿಗೆ ಗೊತ್ತಿತ್ತು. ಒಂಬತ್ತು ವರ್ಷದ ಮಗ ಮಾವಿನ ಮರದಿಂದ ಬಿದ್ದಾಗ ಆದದ್ದು.

"ಎಲ್ಲಿ ಸಿಕ್ಕಿತು ಇದು?"

"ಸಿಗೋದೇನು ಸರ್, ಅವನ ಕೊರಳಲ್ಲೇ ಇತ್ತು. ಆಸ್ಪತ್ರೇಲಿ ಬ್ಯಾಂಡೇಜ್ ಸುತ್ತೋವಾಗ ನರ್ಸು ಬಿಚ್ಚಿ ನನ್ನ ಕೈಗೆ ಕೊಟ್ರು. ನಾನೇ ಮೊದಲು ತಲುಪಿದ್ದಲ್ವಾ. ಏನಾಗ್ಬೇಕು ಅಂದ್ರು. ಸ್ನೇಹಿತ ಅಂತ ಬರ್ಕೊಟ್ಟೆ. ಆವತ್ತು ಕೊಡೋಣ ಅಂತ ರುದ್ರಭೂಮಿಗೆ ಬಂದಿದ್ದೆ. ಪೇಪರಿನೋರು ಬಂದಿದಾರೆ, ನೀವು ಗೇಟಿನಾಚೆ ಇರಿ ಅಂತ ಯಾರೋ ಅಂದ್ರು. ಇದು ಮಣ್ಣಿನಲ್ಲಿ ಜೊತೆಗೆ ಹೋಗ್ಬೇಕಂತೆ, ಅಲ್ವಾ ಸರ್? ನನಗೆ ನಿಮ್ಮ ಕ್ರಮ ಗೊತ್ತಿಲ್ಲ. ಅವನು ದಿನಾ ಬೆಳಿಗ್ಗೆ ಪೂಜೆ ಮಾಡ್ತಿದ್ದ. ಹಾಗೇ ಬಿಡಬಾರದು ಅಂತ ನಾನೂ ಇಷ್ಟು ದಿನ ನೀರು ಹಾಕಿ, ವಿಭೂತಿ ಇಟ್ಟೆ. ತಪ್ಪಾಗಿದ್ರೆ..."

ಷಣ್ಮುಖಪ್ಪನವರಿಗೆ ಕಿವಿಯಲ್ಲಿ ಕಾರ್ಖಾನೆಯ ಸೈರನ್ನು ಹೊಡೆದ ಹಾಗಾಯಿತು. ಗುಣಿಯ ಒಳಗೆ ಮಗನನ್ನು ಕೂರಿಸಿ, ಎಡ ಅಂಗೈಯನ್ನು ಬಿಡಿಸಿ ಹಿಡಿದು, ಮಠದ ಅಯ್ಯನವರು ಮೇಲಕ್ಕೆ ನೋಡಿ ಕೇಳಿದ್ದರು: "ಇವನ ಲಿಂಗ ಎಲ್ಲಿ?" ನೂರು ಜನ ನಿಂತಿದ್ದರು. ಕೊರಳು ಬರಿದಾಗಿತ್ತು. ಬಾಗಿಲಿಗೆ ಒರಗಿ ನಿಂತು ಆ ಮಾತಾಡಿದವನು, ಆ ಬಿಳಿ ಸಾಲು ಅಚ್ಚು ಹಾಕಿದವನು, ಇದನ್ನೂ ಕಿತ್ತು ಎಸೆದಿರಲೇಬೇಕು ಎಂದು ಅವರಿಗೆ ಆ ಕ್ಷಣ ಖಚಿತವಾಗಿಬಿಟ್ಟಿತ್ತು. "ಬಿಟ್ಟಿದ್ದ," ಎಂದರು. ಗಟ್ಟಿಯಾಗಿಯೇ ಅಂದರು, ಎಲ್ಲರಿಗೂ ಕೇಳುವಂತೆ. ಅಯ್ಯನವರು ತಮ್ಮ ಚೀಲದಿಂದ ಹೊಸದೊಂದು ಲಿಂಗ ತೆಗೆದು ಸತ್ತವನ ಅಂಗೈಗಿಟ್ಟರು. ಮಣ್ಣು ಹಾಕುವಾಗ ತಲೆಯೆತ್ತಿದರೆ, ಗೇಟಿನ ಕಂಬಿಗಳ ಆಚೆ ನಿರಂಜನ, ಎದೆಯ ಜೇಬಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಸಂಕಟಕ್ಕೆ ಹಾಗೆ ನಿಂತಿದ್ದಾನೆ ಅಂದುಕೊಂಡಿದ್ದರು. ಕಣ್ಣಿಗೆ ಕಣ್ಣು ಸೇರಿತ್ತು. ಕರೆಯಲಿಲ್ಲ. ಈಗ ಆ ಕರಡಿಗೆ ಎಡಗೈಗೆ ಬಂದಾಗ ಅದು ಬೆಚ್ಚಗಿತ್ತು, ಇಷ್ಟು ಹೊತ್ತು ಯಾರದೋ ಮೈಗೆ ತಾಗಿಕೊಂಡಿದ್ದ ಹಾಗೆ.

ಅಷ್ಟರಲ್ಲಿ ಜೀಪು ಬಂದು ನಿಂತಿತು. ಸುಮನಾ ಇಳಿದರು. ಬಿಸಿಲಿಗೆ ಮುಖ ಕಂದಿತ್ತು, ಧ್ವನಿ ಬಿದ್ದುಹೋಗಿತ್ತು. ಹಿಂದೆ ನಾಲ್ಕೈದು ಜನ. "ನೀವು ಬರ್ತೀರಿ ಅಂದ್ಕೊಂಡಿರ್ಲಿಲ್ಲ ಮೇಷ್ಟ್ರೇ. ನಿಮ್ಮ ಋಣ ಹೇಗೆ ತೀರಿಸ್ಲಿ?" ಎಂದು ಕೈ ಹಿಡಿದುಕೊಂಡರು. ಆಮೇಲೆ ನಿರಂಜನನ ಕಡೆ ನೋಡಿ, ಮೆಲ್ಲಗೆ, ಕೇಳಲು ಸಿದ್ಧವಾದವರ ಹಾಗೆಯೇ ಕೇಳಿದರು: "ಇವರು?"

ಪುಟ್ಟಪ್ಪ ನೋಡುತ್ತಿದ್ದ. ಜೀಪಿನವರು ನೋಡುತ್ತಿದ್ದರು. ಸಾಲಿನಲ್ಲಿ ಚೀಟಿಗೆ ನಿಂತವರೂ ನೋಡುತ್ತಿದ್ದಾರೆ ಅನ್ನಿಸಿತು. ಓಟು ಮುಗಿಯಲು ಇನ್ನೂ ಐದಾರು ಗಂಟೆ ಬಾಕಿ.

"ಪ್ರೆಸ್ಸಿನಲ್ಲಿ ಕೆಲಸ ಮಾಡೋರು," ಎಂದರು ಷಣ್ಮುಖಪ್ಪನವರು.

ನಿರಂಜನ ಸುಮನಾ ಅವರಿಗೆ ಕೈಮುಗಿದ. ಬಿಳಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡ. "ಬರ್ತೀನಿ ಸರ್," ಎಂದು ಬಸ್ ಸ್ಟಾಂಡಿನ ಕಡೆ ನಡೆದ. ಅವನ ನಡಿಗೆಯಲ್ಲಿ ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತು. ಇರಲಿಲ್ಲ. ಇಂಥದ್ದು ಅಭ್ಯಾಸವಾದವನ ನಡಿಗೆ ಅದು.

ಜೀಪು ಹೋದ ಮೇಲೆ, ಕೂತಲ್ಲಿ ಕೂರಲಾರದೆ, ಷಣ್ಮುಖಪ್ಪನವರು ತಮ್ಮ ಓಟು ಹಾಕಿಬರಲು ಎದ್ದರು. ಕರಡಿಗೆಯನ್ನು ಎಡಗೈಯ ಮುಷ್ಟಿಯಲ್ಲೇ ಹಿಡಿದಿದ್ದರು. ಜೇಬಿಗೆ ಹಾಕಲು ಮನಸ್ಸಾಗಲಿಲ್ಲ, ಕೊರಳಿಗೆ ಹಾಕಿಕೊಳ್ಳುವಂತಿಲ್ಲ. ತಾವೇ ಇಪ್ಪತ್ತೆಂಟು ವರ್ಷ ಪಾಠ ಮಾಡಿದ ಕೋಣೆ. ಕರಿಹಲಗೆಯ ಕೆಳಗೆ ಅಧಿಕಾರಿಗಳು. "ನಾನೂರ ಹನ್ನೆರಡು, ಷಣ್ಮುಖಪ್ಪ," ಎಂದು ಮೊದಲನೆಯವನು ಕೂಗಿ, ಪಟ್ಟಿಯಲ್ಲಿ ಅವರ ಹೆಸರಿನ ಕೆಳಗೆ ಕೆಂಪು ಶಾಯಿಯಲ್ಲಿ ಗೀಟು ಎಳೆದ. ಇದು ಅವರ ಕೆಲಸದ ರೀತಿ, ಓಟು ಹಾಕಿದವರ ಹೆಸರಿಗೆ ಕೆಂಪು ಗೀಟು. ತಲೆಕೆಳಗಾದ ಅಕ್ಷರ ಓದುವುದು ಮೇಷ್ಟ್ರಿಗೆ ಕಷ್ಟವಲ್ಲ. ನಾನೂರ ಹದಿಮೂರರ ಕೆಳಗೆ ಏನೂ ಇರಲಿಲ್ಲ. ನಾನೂರ ಹದಿನಾಲ್ಕರ ಕೆಳಗೆ, ಇನ್ನೂ ಪೂರ್ತಿ ಒಣಗದ, ಒಂದು ಕೆಂಪು ಗೀಟು ಇತ್ತು.

ಪುಟ್ಟಪ್ಪ ಕಾದಿರಲಿಲ್ಲ. ಅಥವಾ 'ನೋಡೋಣ' ಎಂಬುದರ ಅರ್ಥ ಅವನಿಗೆ ಗೊತ್ತಿತ್ತು. ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಮೂಲೆಯ ಬೆಂಚಿನಲ್ಲಿ ಕೂತಿದ್ದ ತಮ್ಮ ಪಕ್ಷದ ಏಜೆಂಟು ಕಿಟಕಿಯಾಚೆ ನೋಡತೊಡಗಿದ. ಇವನು ಸತ್ತಿದ್ದಾನೆ, ನಾನು ಇವನ ತಂದೆ ಎಂದು ಈಗ ಹೇಳಬೇಕು. ಬಾಯಿ ತೆರೆದರು. ಹೇಳಿದರೆ ಹಾಕಿದವನು ಸಿಕ್ಕಿಬೀಳುತ್ತಾನೆ, ಸುಮನಾಗೆ ಕೆಟ್ಟ ಹೆಸರು, ಎದುರು ಪಕ್ಷದವರಿಗೆ ಹಬ್ಬ. ಈಗ ಬೇಡ. ಆ ಮಾತು ಅವರ ಒಳಗೆ ಯಾರೂ ಕರೆಯದೆ ತಾನಾಗಿ ಎದ್ದು ನಿಂತಿತು. ಅದನ್ನು ಅವರು ಮೊದಲ ಸಲ ಎದುರಿನಿಂದ ನೋಡಿದರು. ತಮ್ಮದೇ ಮುಖದ ಹಾಗೆ ಇತ್ತು. "ಕೈ ಬಿಚ್ಚಿ ಸರ್," ಎಂದ ಶಾಯಿ ಹಚ್ಚುವವನು. ಮುಷ್ಟಿ ಬಿಚ್ಚಲಿಲ್ಲ, ತೋರುಬೆರಳೊಂದನ್ನು ಮುಂದೆ ಚಾಚಿದರು. ರಟ್ಟಿನ ಮರೆಯ ಹಿಂದೆ ಏಣಿಯ ಗುಂಡಿ ಒತ್ತಿದಾಗ ಯಂತ್ರ ಉದ್ದಕ್ಕೆ ಕೂಗಿತು. ಇದೇ ಸದ್ದು ಸ್ವಲ್ಪ ಮುಂಚೆ ಮಲ್ಲೇಶನಿಗೂ ಆಗಿರಬೇಕು. ಅವನು ಮಾತು ಉಳಿಸಿಕೊಂಡಿದ್ದ. ಓಟು ಏಣಿಗೇ ಹಾಕಿದ್ದ.

ಬಸ್ಸುಗಳೆಲ್ಲ ಚುನಾವಣೆಯ ಕೆಲಸಕ್ಕೆ ಹೋಗಿದ್ದರಿಂದ ನಿರಂಜನ ಇನ್ನೂ ಸ್ಟಾಂಡಿನಲ್ಲೇ ಇದ್ದ. ಷಣ್ಮುಖಪ್ಪನವರು ಬಿಸಿಲಿನಲ್ಲಿ ಸೇತುವೆ ದಾಟಿ ಏದುಸಿರು ಬಿಡುತ್ತ ಬರುವುದನ್ನು ಕಂಡು ಎದ್ದು ನಿಂತ, ಕೂರಲು ಜಾಗ ಬಿಟ್ಟ. ಅವರು ಕೂರಲಿಲ್ಲ.

"ಬಾ. ಈಗಲೇ ಹೋಗೋಣ. ಗದ್ದುಗೆ ಇನ್ನೂ ಕಟ್ಟಿಸಿಲ್ಲ, ಮಣ್ಣು ಸಡಿಲಾಗೇ ಇದೆ. ನಿನ್ನ ಕೈಯಿಂದಲೇ ಇಡು ಇದನ್ನ. ಇವತ್ತು ಎಲ್ಲರೂ ಓಟಿನ ಗಲಾಟೆಯಲ್ಲಿದಾರೆ, ಅಲ್ಲಿ ಒಂದು ನರಪಿಳ್ಳೆ ಇರಲ್ಲ."

ನಿರಂಜನ ಅವರ ಮುಖ ನೋಡಿದ. ನೂರಾರು ಕರಡು ತಿದ್ದಿದ ಕಣ್ಣು. ತಪ್ಪು ಎಲ್ಲಿದೆ ಎಂದು ಅದಕ್ಕೆ ತಟ್ಟನೆ ಕಾಣುತ್ತಿತ್ತು.

"ಆವತ್ತು ಎಲ್ಲರೂ ಇದ್ರು ಅಂತ ಆಚೆ ನಿಂತಿದ್ದೆ ಸರ್. ಇವತ್ತು ಯಾರೂ ಇಲ್ಲ ಅಂತ ಒಳಗೆ ಕರೀತಿದೀರಿ." ಅವನ ಧ್ವನಿಯಲ್ಲಿ ಬಿರುಸು ಇರಲಿಲ್ಲ. "ಬೇಡ ಸರ್. ಅವನು ಬೇಜಾರು ಮಾಡ್ಕೋತಾನೆ. ಅಮ್ಮನ ಕೈಲಿ ಇಡ್ಸಿ."

ಶಿವಮೊಗ್ಗದ ಬಸ್ಸು ಬಂತು. ಜನ ನುಗ್ಗಿದರು. ಷಣ್ಮುಖಪ್ಪನವರಿಗೆ ಅವನ ತೋಳು ಹಿಡಿಯಬೇಕೆನಿಸಿತು. ಬಲಗೈ ಅರ್ಧ ಎದ್ದಿತು ಕೂಡ. ಅಷ್ಟರಲ್ಲಿ ಅವನು ಫುಟ್‌ಬೋರ್ಡಿನ ಮೇಲಿದ್ದ. "ಊಟ ಮಾಡಿ ಸರ್, ಮುಖ ಬಾಡಿದೆ," ಎಂದ ಅಲ್ಲಿಂದ. ಹಾಗೆ ಹೇಳುತ್ತಿದ್ದವನು ಮಲ್ಲೇಶ. ಯಾರಿಂದ ಯಾರು ಕಲಿತರೋ.

ಮತ್ತೆ ಹೊಂಗೆಯ ಮರಕ್ಕೆ ಬಂದಾಗ ಮಧ್ಯಾಹ್ನದ ಸೈರನ್ನು ಆಗಿತ್ತು. ಸಾಲು ಕರಗಿತ್ತು. ಕರಿಬಸಮ್ಮ ಹಸಿರು ಸೀರೆ ಉಟ್ಟುಕೊಂಡು, ಓಟು ಹಾಕಿ ಬಂದು, ಬೆರಳ ಶಾಯಿಗೆ ಊದುತ್ತ ಮೇಜಿಗೊರಗಿ ನಿಂತಿದ್ದಳು. "ಎಲ್ಲಿಗೆ ಹೋಗಿದ್ರಿ ಸರ್? ಊಟ ಬಂದಿದೆ," ಎಂದ ಪುಟ್ಟಪ್ಪ, ಕಣ್ಣು ತಪ್ಪಿಸಿ.

"ಪುಟ್ಟಪ್ಪ, ಬೆಳಿಗ್ಗೆ ಬಂದಿದ್ದನಲ್ಲ, ಅವನು ಪ್ರೆಸ್ಸಿನಲ್ಲಿ ಕೆಲಸ ಮಾಡೋನು ಮಾತ್ರ ಅಲ್ಲ." ಅವರ ಧ್ವನಿ ತರಗತಿಯ ಕೊನೆಯ ಬೆಂಚಿಗೆ ಕೇಳುವಷ್ಟು ಏರಿತು. ಚೀಟಿಗೆ ಬಂದ ಇಬ್ಬರು ತಿರುಗಿ ನೋಡಿದರು. "ನನ್ನ ಮಗ ಅವನನ್ನ ಪ್ರೀತಿಸ್ತಿದ್ದ. ಆರು ವರ್ಷ ಒಟ್ಟಿಗೆ ಬಾಳಿದ್ರು. ನನ್ನ ಮಗ ಲಿಂಗ ಬಿಟ್ಟಿರ್ಲಿಲ್ಲ. ನಾನು ಸುಳ್ಳು ಹೇಳಿದೆ."

ಪುಟ್ಟಪ್ಪ ಪೆನ್ನಿನ ಮುಚ್ಚಳ ಹಾಕಿದ, ತೆಗೆದ. ಕರಿಬಸಮ್ಮ ಬೆರಳಿಗೆ ಊದುವುದನ್ನು ನಿಲ್ಲಿಸಿದಳು.

"ಅಯ್ಯೋ ಮೇಷ್ಟ್ರೇ, ಅದನ್ನೇನು ಹೇಳ್ತೀರಿ. ಗೋಡೆ ಬರಿಯೋಕೆ ಬಂದಾಗೆಲ್ಲ ನನ್ನ ಹತ್ರಾನೇ ತಿಂಡಿ. ಇವನ ತಟ್ಟೇದು ಅವನು, ಅವನ ತಟ್ಟೇದು ಇವನು. ಗಂಡ ಹೆಂಡ್ತಿ ಹಂಗೆ ಜಗಳ, ಹಂಗೇ ನಗು. ನನಗೆ ಗೊತ್ತಿತ್ತು, ಗೇಟಿನೋರಿಗೆ ಗೊತ್ತಿತ್ತು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿಮಗೊಬ್ಬರಿಗೆ ಗೊತ್ತಿಲ್ಲ ಅಂತ ನಾವು ಯಾರೂ ಬಾಯಿ ಬಿಡ್ತಿರ್ಲಿಲ್ಲ. ದೊಡ್ಡೋರು ನೊಂದ್ಕೋತೀರಿ ಅಂತ."

"ಗೊತ್ತಿದ್ದೂ ನೀನು ಓಟು..."

"ಇನ್ಯಾರಿಗೆ ಹಾಕ್ಲಿ ಮಾರಾಯ್ರೇ? ನಲ್ಲಿ ನೀರಿಗೆ ಅಲೆದೋರು ಆ ಲಾಯರಮ್ಮ. ಹುಡುಗರು ಹೆಂಗೆ ಮಲಗ್ತಾರೆ ಅಂತ ನೋಡ್ಕೊಂಡು ಓಟು ಹಾಕ್ತೀನಾ ನಾನು?"

ಷಣ್ಮುಖಪ್ಪನವರು ಕೂತರು. ಕೈಚೀಲದಲ್ಲಿ ಆ ಪ್ರಣಾಳಿಕೆಯ ಮೊದಲ ಮುದ್ರಣದ ಒಂದು ಪ್ರತಿ ಇತ್ತು. ಯಾಕೆ ಇಟ್ಟುಕೊಂಡಿದ್ದರೋ, ಇತ್ತು. ಅದನ್ನು ಮೇಜಿನ ಮೇಲೆ ಹರಡಿದರು. ಹನ್ನೊಂದು. ಹನ್ನೆರಡು, ಅದರ ಮುಂದೆ ಬಿಳಿ. ಅಂಗಿಯ ಜೇಬಿನಿಂದ ಕೆಂಪು ಪೆನ್ನು ತೆಗೆದರು. ಬಿಸಿಗಾಳಿಗೆ ಕಾಗದ ಪಟಪಟ ಎದ್ದಿತು. ಒತ್ತಿ ಹಿಡಿಯಲು ಎಡಗೈ ಬಿಚ್ಚುವಂತಿರಲಿಲ್ಲ, ಅದರಲ್ಲಿ ಮಗನ ಲಿಂಗ ಇತ್ತು; ತೋರುಬೆರಳಿನ ಶಾಯಿ ಆಗಲೇ ಕಪ್ಪಾಗಿತ್ತು. ಆ ಕೈ ಈಗ ನಡುಗುತ್ತಿರಲಿಲ್ಲ. ಕರಿಬಸಮ್ಮ ತನ್ನ ಅಂಗೈಯನ್ನು ಕಾಗದದ ಮೂಲೆಯ ಮೇಲೆ ಇಟ್ಟಳು.

"ಬರೀರಿ ಮೇಷ್ಟ್ರೇ. ನಾನು ಹಿಡ್ಕೊಂಡಿದೀನಿ."

ಪೆನ್ನನ್ನು ಹನ್ನೆರಡರ ಮುಂದೆ ಊರಿದರು. ಮಗನ ಗುಂಡುಗುಂಡು ಅಕ್ಷರ ಕಣ್ಣಿಗೆ ಕಟ್ಟಿತು, ಸಾಲಿನ ಉದ್ದ ಕಟ್ಟಿತು, ತಾವು ಎಳೆದ ಮೊದಲನೆಯ ಗೀಟು, ಎರಡನೆಯ ಗೀಟು. ವಾಕ್ಯ ಯಾವ ಪದದಿಂದ ಶುರುವಾಗಿತ್ತು? 'ಪ್ರೀತಿ' ಅಂದಿದ್ದನೋ, 'ಒಲವು' ಅಂದಿದ್ದನೋ? 'ನಾವು' ಎಂದು ಬರೆದಿದ್ದನೋ, 'ಅವರು' ಎಂದೋ? ಅರ್ಥ ಬೇಕಾದರೆ ಬರೆಯಬಹುದಿತ್ತು. ಬೇಕಾಗಿದ್ದದ್ದು ಅವನ ಮಾತು. ಹಸು ನಮ್ಮ ತಾಯಿ, ಆದರೆ ಒದೆಯುತ್ತದೆ. ಅದು ಬಂತು. ಯಾರುಯಾರದೋ ಮಕ್ಕಳ ಸಾಲುಗಳು ಒಂದರ ಹಿಂದೆ ಒಂದು ಬಂದು ನಿಂತವು. ಆ ಒಂದು ವಾಕ್ಯ ಗೊತ್ತಿದ್ದ ಇನ್ನೊಬ್ಬ, ನಿರಂಜನ, ಈ ಹೊತ್ತಿಗೆ ಬಸ್ಸಿನಲ್ಲಿ ಮಲವಗೊಪ್ಪ ದಾಟುತ್ತಿದ್ದ. ಪೆನ್ನಿನ ತುದಿ ಊರಿದಲ್ಲೇ ನಿಂತು, ಕಾಗದದ ಮೇಲೆ ಕೆಂಪು ಚುಕ್ಕೆಯೊಂದು ಮೆಲ್ಲಗೆ ದೊಡ್ಡದಾಗುತ್ತ ಹೋಯಿತು. ಕರಿಬಸಮ್ಮ ಕೈ ತೆಗೆಯದೆ ಕಾದಳು.